ಹದಿನೇಳರ ಮಗ್ಗಿ

ರಾಜಲಕ್ಷ್ಮಿಯವರು ಆ ಬೆಳಗ್ಗೆ ನಲ್ಲಿಯ ಕೆಳಗೆ ಕೊಡವನ್ನಿಟ್ಟು ಸುಮ್ಮನೆ ನೀರು ಹಿಡಿದುಕೊಂಡು ಬಂದಿದ್ದರೆ ಒಂದು ಶಾಲೆಯ ವಿವೇಕಕ್ಕೆ ಒದಗಿದ ಧಕ್ಕೆ ತಪ್ಪುತ್ತಿತ್ತು. ಆದರೆ ಕೊಡ ತುಂಬುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ರೂಢಿ ಯಾವ ಊರಿನ ನಲ್ಲಿಯ ಬಳಿಯಲ್ಲಿಯೂ ಇಲ್ಲ. ತಿರುವನಂತಪುರದ ಪಟ್ಟಂನಲ್ಲಿಯಂತೂ ಇರಲೇ ಇಲ್ಲ.

"ನಮ್ಮನೆಯವ್ರು ಇವತ್ತು ರಜ ಹಾಕಿದಾರೆ ಕಣ್ರೀ. ಮಧ್ಯಾಹ್ನ ನಿರ್ಮಲಂಗೆ ಲೆಕ್ಕದ ಪರೀಕ್ಷೆ ಅಲ್ವಾ? ತಾವೇ ಕೂರಿಸ್ಕೊಂಡು ಹೇಳ್ಕೊಡ್ತಾರಂತೆ," ಎಂದು ಆಕೆ ಪಕ್ಕದ ಮನೆಯ ಮೂಕಾಂಬಿಕಾ ಅವರಿಗೆ ಹೇಳಿದರು.

ಮೂಕಾಂಬಿಕಾ ಕಾಸರಗೋಡಿನವರು, ಅವರ ಯಜಮಾನರು ಸರ್ಕಾರಿ ವಕೀಲರು. ಆಕೆಯ ಕೊಡ ತುಂಬಿ ಹರಿಯತೊಡಗಿದರೂ ಆಕೆಗೆ ಅದರ ಪರಿವೆ ಇರಲಿಲ್ಲ.

"ಡಾಕ್ಟ್ರೇ ಹೇಳಿಕೊಡುದಾ? ರಾಕೆಟ್ಟಿನ ಲೆಕ್ಕ ಮಾಡುವವರು ಮಗ್ಗಿ ಹೇಳಿಕೊಡುದಾ? ಹಾಗಾದ್ರೆ ನಮ್ಮ ಶ್ಯಾಮನನ್ನೂ ಕಳಿಸ್ತೇನೆ ಮಾರಾಯ್ತಿ. ಅವನ ತಲೆಗೆ ಲೆಕ್ಕ ಹೇಳುದಂದ್ರೆ ಕೆಸುವಿನ ಎಲೆಗೆ ನೀರು ಹೊಯ್ದ ಹಾಗೆ."

ರಾಜಲಕ್ಷ್ಮಿ ಬೇಡವೆನ್ನಲಿಲ್ಲ. ಬೇಡವೆನ್ನಬೇಕಾದಾಗ ಬೇಡವೆನ್ನದಿರುವುದನ್ನು ನಮ್ಮವರು ಸೌಜನ್ಯವೆಂದು ಕರೆಯುತ್ತಾರೆ. ಅನರ್ಥಗಳಲ್ಲಿ ಮುಕ್ಕಾಲು ಪಾಲು ಈ ಸೌಜನ್ಯದ ಹೊಟ್ಟೆಯಲ್ಲಿಯೇ ಹುಟ್ಟುತ್ತವೆ.

ಡಾಕ್ಟರ್ ಉಮಾಮಹೇಶ್ವರ ಮೈಸೂರು ಕಡೆಯವರು. ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಮೇಲೇರಿದ ರಾಕೆಟ್ಟು ಎಷ್ಟು ಎತ್ತರದಲ್ಲಿ ಬಾಗಿ, ಕಡಲಿನ ಯಾವ ಭಾಗದಲ್ಲಿ ಬೀಳುವುದೆಂದು ಲೆಕ್ಕ ಹಾಕುವುದು ಅವರ ಕೆಲಸ. ಆ ಕಾಲದಲ್ಲಿ, ಎಂದರೆ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಹತ್ತಿರದ ತುಂಬಾ ಎಂಬ ಊರಿನ ಕಡಲ ದಂಡೆಯಿಂದ ಹಾರಿದ ರಾಕೆಟ್ಟು ಕೆಲವು ಸಂಜೆ ಆಕಾಶದ ತುದಿಯಲ್ಲಿ ಕಿತ್ತಳೆ ಬಣ್ಣದ ಮೋಡವನ್ನು ಚೆಲ್ಲುತ್ತಿತ್ತು. ಆಗ ವಠಾರದ ಜನರೆಲ್ಲ ತಾರಸಿಯ ಮೇಲೆ ನಿಂತು, ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ಮರೆತು, ಮೇಲೆ ನೋಡುತ್ತಿದ್ದರು. ನೋಡಬೇಕಾದ ನೋಟವೇ ಅದು. ಮನುಷ್ಯನ ಎಣಿಕೆ ಮುಗಿಲಿನವರೆಗೆ ಹೋಗಿ ಅಲ್ಲಿ ತನ್ನ ಗುರುತನ್ನು ಬರೆದು ಬರುವುದನ್ನು ಕಂಡು ಬೆರಗಾಗದವನ ಎದೆ ಬಂಡೆಯೇ ಸರಿ. ತಪ್ಪು ಆಮೇಲಿನದು. ಮೋಡ ಕರಗಿದ ಮೇಲೆ ಅವರು ಕೆಳಗಿಳಿದು, ಬಸ್ಸಿನಿಂದ ಸುಸ್ತಾಗಿ ಇಳಿಯುತ್ತಿದ್ದ ಉಮಾಮಹೇಶ್ವರರನ್ನು, ಆ ಬಣ್ಣವನ್ನು ಅವರೇ ಕುಂಚ ಹಿಡಿದು ಬಳಿದು ಬಂದರೋ ಎಂಬಂತೆ ನೋಡುತ್ತಿದ್ದರು.

ಅಂಥ ಉಮಾಮಹೇಶ್ವರರಿಗೆ ಹದಿನೇಳರ ಮಗ್ಗಿ ಬರುತ್ತಿರಲಿಲ್ಲ.

ಹದಿನೇಳರದು ಮಾತ್ರವಲ್ಲ, ಹದಿಮೂರರಿಂದ ಹತ್ತೊಂಬತ್ತರವರೆಗಿನ ಯಾವುದೂ ಬರುತ್ತಿರಲಿಲ್ಲ. ಬಾಲ್ಯದಲ್ಲಿ ಅವರ ಶಾಲೆ ಹನ್ನೆರಡರ ಮಗ್ಗಿಯನ್ನು ಮುಗಿಸಿದ ವಾರವೇ ತಂದೆಗೆ ವರ್ಗವಾಯಿತು. ಹೊಸ ಊರಿನ ಶಾಲೆಯವರು ಆಗಲೇ ಇಪ್ಪತ್ತನ್ನು ಮುಟ್ಟಿ ಕುಳಿತಿದ್ದರು. ನಡುವಣ ಮಗ್ಗಿಗಳೆಲ್ಲ ಎರಡು ಊರುಗಳ ನಡುವಿನ ರೈಲಿನಲ್ಲಿಯೇ ಉಳಿದುಹೋದವು. ಮುಂದೆ ಲಾಗರಿದಮ್ ಪುಸ್ತಕವೂ, ಜಾರಿಸಿದರೆ ಗುಣಾಕಾರ ಮಾಡಿಕೊಡುವ ಸ್ಲೈಡ್ ರೂಲ್ ಎಂಬ ಪಟ್ಟಿಯೂ ಕೈಗೆ ಬಂದುವು. ಆ ಹರಕಿಗೆ ತೇಪೆ ಬಿತ್ತು. ಕಾಗದ ಸಿಕ್ಕರೆ ಎಂಥ ಗುಣಾಕಾರವನ್ನೂ ಮಾಡಬಲ್ಲವರು, ಬಾಯಿಲೆಕ್ಕವೆಂದರೆ ಬೆವರುತ್ತಿದ್ದರು.

ನಿರ್ಮಲಳ ಕೊರತೆಯೂ ಅದೇ. ಅವಳ ಪರೀಕ್ಷೆಯಲ್ಲೋ ಲೆಕ್ಕ ಬಿಡಿಸಿ ತೋರಿಸದೆ ಬರಿಯ ಉತ್ತರವನ್ನು ಬರೆಯಬೇಕಾಗಿತ್ತು. ಐದನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಲೆಕ್ಕದಲ್ಲಿ ನಪಾಸಾಗಿದ್ದಳು. ವಾರ್ಷಿಕದಲ್ಲಿಯೂ ಹಾಗೆಯೇ ಆದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕೆಂದು ಶಾಲೆಯವರು ಕರೆಸಿ ಹೇಳಿದ್ದರು. ತನ್ನ ಕೊರತೆಯನ್ನು ಮಗಳಿಗೆ ಆಸ್ತಿಯಂತೆ ಬಿಟ್ಟುಕೊಟ್ಟೆನಲ್ಲ ಎಂಬ ಕಳವಳದಿಂದಲೇ ಉಮಾಮಹೇಶ್ವರರು ರಜೆ ಹಾಕಿದ್ದು. ಬಾಗಿಲು ಹಾಕಿಕೊಂಡು ಮಗಳ ಜೊತೆಯಲ್ಲಿ ಗುಟ್ಟಾಗಿ ತಾವೂ ಕಲಿಯುವುದು ಅವರ ಯೋಜನೆ. ಮೇಲಿನ ತರಗತಿಗಳಿಗೆ ಬೆಳಗ್ಗೆ, ಕೆಳಗಿನವರಿಗೆ ಮಧ್ಯಾಹ್ನ ಪರೀಕ್ಷೆ. ಮೂರು ನಾಲ್ಕು ಗಂಟೆ ಸಿಕ್ಕರೆ ಹೇಗೋ ದಡ ಸೇರಬಹುದಾಗಿತ್ತು.

"ಹದಿನೇಳಾರು ಎಷ್ಟಮ್ಮ?" ಎಂದು ಅವರು ಮೆಲ್ಲನೆ ಕೇಳಿದರು.

"ಅರಿಯಿಲ್ಲ ಅಪ್ಪಾ," ಎಂದಳು ನಿರ್ಮಲ. ಮನೆಯಲ್ಲಿ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರಿಸುವುದು ಅವಳ ಪದ್ಧತಿ. ಗೊತ್ತಿಲ್ಲವೆಂಬುದು ಮಾತ್ರ ಎಲ್ಲ ಭಾಷೆಯಲ್ಲಿಯೂ ಮುಖದಲ್ಲಿಯೇ ತಿಳಿಯುತ್ತದೆ. "ಅಪ್ಪಂಗೆ?"

ಅವರು ಬಾಯಿ ತೆರೆಯುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಹೊರಗೆ ಶ್ಯಾಮನೂ ಅವನ ತಾಯಿಯೂ ನಿಂತಿದ್ದರು. ಅವರ ಹಿಂದೆ ವಠಾರದ ಐದನೆಯ ತರಗತಿಯ ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಪುರಾಣ ಕೇಳಲು ಬಂದವರಂತೆ ಕೈಕಟ್ಟಿ ನಿಂತಿದ್ದರು. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಎತ್ತರದ ದನಿಯಲ್ಲಿ, ಮೇಲ್ಮನೆಯ ವೀರಭದ್ರಪ್ಪನವರು. ಧಾರವಾಡದವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಮಗಳು ಚಂದ್ರಾವತಿಯನ್ನು ಮುಂದೆ ನೂಕಿಕೊಂಡು ಒಳಗೆ ಬಂದೇಬಿಟ್ಟರು.

"ನಮಸ್ಕಾರ್ರೀ ಡಾಕ್ಟರ್ ಸಾಹೇಬ್ರ! ನಾನೂ ಅರ್ಧಾ ದಿನಾ ರಜಾ ಹಾಕೀನಿ. ನಿಮ್ಮಂಥಾವ್ರು ಪಾಠಾ ಮಾಡೂದನ್ನ ನೋಡೂ ಭಾಗ್ಯಾ ಎಲ್ಲೆ ಸಿಗತದ್ರೀ? ಹೂಂ, ಶುರು ಆಗ್ಲಿ. ಮಗ್ಗಿ ಅಂದ್ರ ಬಾಯಾಗ ಖಣಖಣ ಅನ್ನಬೇಕು!"

ಮೂಕಾಂಬಿಕಾ ಒಂದು ಡಬ್ಬಿ ತುಂಬ ಗೋಳಿಬಜೆಯನ್ನು ಮೇಜಿನ ಮೇಲಿಟ್ಟು ಗೋಡೆಗೊರಗಿ ಕುಳಿತರು. ರಾಜಲಕ್ಷ್ಮಿ ಕಾಫಿಗೆ ನೀರಿಟ್ಟರು. ಮಕ್ಕಳಿಗೆ ಜಾಗ ಸಾಲದೆ ಬಂದಾಗ, ಮನೆಯ ಹುಡುಗಿಯೆಂಬ ಕಾರಣಕ್ಕೆ ನಿರ್ಮಲಳನ್ನೇ ಎಬ್ಬಿಸಿ ಹಿಂದಿನ ಪಡಸಾಲೆಗೆ ಕಳಿಸಲಾಯಿತು. ಯಾರ ಪಾಠಕ್ಕಾಗಿ ಮನೆ ಪಾಠಶಾಲೆಯಾಯಿತೋ ಅವಳೊಬ್ಬಳನ್ನುಳಿದು ಎಲ್ಲರೂ ಒಳಗಿದ್ದರು.

"ಹದಿನೇಳರ ಮಗ್ಗಿ ಹೇಳ್ರೀ ಸಾಹೇಬ್ರ, ಹುಡುಗೂರು ನಿಮ್ಮ ಹಿಂದ ಹೇಳ್ತಾವ," ಎಂದರು ವೀರಭದ್ರಪ್ಪ.

"ಹದಿನೇಳೊಂದ್ಲ ಹದಿನೇಳು," ಎಂದು ಉಮಾಮಹೇಶ್ವರರು ಆರಂಭಿಸಿದರು. "ಹದಿನೇಳೆರಡ್ಲ ಮೂವತ್ನಾಲ್ಕು. ಹದಿನೇಳ್ಮೂರ್ಲ..."

ಮಕ್ಕಳು ಬಾಯಿ ತೆರೆದುಕೊಂಡು ಕಾದರು. ಗೋಳಿಬಜೆಯತ್ತ ಹೊರಟಿದ್ದ ವೀರಭದ್ರಪ್ಪನವರ ಕೈ ನಡುದಾರಿಯಲ್ಲಿ ನಿಂತಿತು. ಉಮಾಮಹೇಶ್ವರರು ಸೂರನ್ನು ನೋಡಿದರು, ಕಿಟಕಿಯನ್ನು ನೋಡಿದರು, ಸತ್ಯವಲ್ಲದೆ ಬೇರೆ ದಾರಿಯಿಲ್ಲವೆಂದು ತಿಳಿದರು.

"ನೋಡಿ, ನಿಜ ಹೇಳ್ಬಿಡ್ತೀನಿ. ನಂಗೆ ಹದಿನೇಳರ ಮಗ್ಗಿ ಬರಲ್ಲ."

ವೀರಭದ್ರಪ್ಪನವರು ನಿಧಾನವಾಗಿ ಎರಡು ಕೈಗಳನ್ನೂ ಜೋಡಿಸಿದರು.

"ಕೇಳಿದಿರೇನವಾ? ತುಂಬಿದ ಕೊಡಾ ತುಳುಕಂಗಿಲ್ಲ! ಆಕಾಶಕ್ಕ ಬಾಣಾ ಬಿಡೋ ಮನಶಾ, ‘ನನಗ ಮಗ್ಗಿ ಬರಂಗಿಲ್ಲ’ ಅಂತಾರ. ನಮ್ಮ ಆಫೀಸಿನ್ಯಾಗ ಒಬ್ಬಾಂವರೆ ತನಗ ಬರಂಗಿಲ್ಲ ಅಂತ ಒಪ್ಪಿದ್ದು ನಾ ಕಂಡಿಲ್ಲ."

"ಎಷ್ಟು ತಗ್ಗಿ ಮಾತಾಡುದು ನೋಡಿ," ಎಂದು ಮೂಕಾಂಬಿಕಾ ಸೆರಗಿನಿಂದ ಕಣ್ಣೊರಸಿಕೊಂಡರು. "ಶ್ಯಾಮಾ, ಕಲ್ತುಕೋ. ಗೊತ್ತಿದ್ದವರು ಹೀಗಿರ್ತಾರೆ. ನೀನು ಉಂಟಲ್ಲ, ಗೊತ್ತಿಲ್ಲದ್ದನ್ನೂ ಗೊತ್ತುಂಟು ಹೇಳುವವ."

"ಅಲ್ಲ ಅಮ್ಮಾ, ನಿಜವಾಗ್ಲೂ ಬರಲ್ಲ!" ಎಂದರು ಉಮಾಮಹೇಶ್ವರರು.

"ಗೊತ್ತಾಯ್ತು ಡಾಕ್ಟ್ರೇ, ಗೊತ್ತಾಯ್ತು," ಎಂದು ಆಕೆ ಇನ್ನಷ್ಟು ಭಕ್ತಿಯಿಂದ ತಲೆಯಾಡಿಸಿದರು.

ಗೌರವಕ್ಕೆ ಕಣ್ಣುಗಳಿವೆ, ಕುರುಡುಬೆರಗಿಗೆ ಇಲ್ಲ. ಅದರ ಎದುರಿನಲ್ಲಿ ಸುಳ್ಳು ಹೇಳಿದರೆ ಸತ್ಯವಾಗುತ್ತದೆ, ಸತ್ಯ ಹೇಳಿದರೆ ವಿನಯವಾಗುತ್ತದೆ. ಪ್ರಾಮಾಣಿಕನಿಗೆ ಇದಕ್ಕಿಂತ ದೊಡ್ಡ ಸೆರೆಮನೆಯನ್ನು ಯಾವ ಸರ್ಕಾರವೂ ಕಟ್ಟಿಸಿಲ್ಲ.

ದಾರಿಗಾಣದೆ ಉಮಾಮಹೇಶ್ವರರು ಕಪಾಟಿನಿಂದ ಸ್ಲೈಡ್ ರೂಲನ್ನು ತೆಗೆದರು. ದಂತದ ಬಣ್ಣದ ಆ ಪಟ್ಟಿಯ ನಡುವಣ ನಾಲಿಗೆ ಜಾರುತ್ತಿದ್ದಂತೆ ಮಕ್ಕಳೆಲ್ಲ ಮುಂದಕ್ಕೆ ಬಾಗಿದರು. "ಇದ್ರಲ್ಲೇ ರಾಕೆಟ್ ಬಿಡೂದೇನ್ರೀ?" ಎಂದು ಚಂದ್ರಾವತಿ ಪಿಸುಗುಟ್ಟಿದಳು, ಅವಳ ತಂದೆ ಅವಳ ತಲೆಗೆ ಮೊಟಕಿ ಸುಮ್ಮನಿರಿಸಿದರು.

ಸ್ಲೈಡ್ ರೂಲಿಗೆ ಒಂದು ಗುಣವಿದೆ. ಅದು ಉತ್ತರದ ಅಂಕೆಗಳನ್ನು ಹೇಳುತ್ತದೆಯೇ ಹೊರತು ದಶಾಂಶ ಬಿಂದು ಎಲ್ಲಿ ಬೀಳಬೇಕೆಂದು ಹೇಳುವುದಿಲ್ಲ. ಒಂದು, ಸೊನ್ನೆ, ಎರಡು ಎಂದಷ್ಟೇ ತೋರಿಸಿ ಕೈತೊಳೆದುಕೊಳ್ಳುತ್ತದೆ. ಅದು ಹತ್ತೋ, ನೂರೋ, ಸಾವಿರವೋ ಎಂಬುದನ್ನು ಉಪಯೋಗಿಸುವವನು ಮೊದಲೇ ಅಂದಾಜು ಮಾಡಿಕೊಂಡಿರಬೇಕು. ಆದ್ದರಿಂದ ಉಮಾಮಹೇಶ್ವರರು, ದಿನವೂ ಮಾಡುವಂತೆ, ಬಾಯಿಬಿಟ್ಟೇ ಅಂದಾಜು ಮಾಡಿದರು.

"ಹದಿನೇಳು ಅಂದ್ರೆ ಸುಮಾರು ಇಪ್ಪತ್ತು ಅಂತ ಇಟ್ಕೊಳ್ಳಿ. ಆರು ಅಂದ್ರೆ ಸುಮಾರು ಐದು. ಅಲ್ಲಿಗೆ ಹದಿನೇಳಾರು ಸುಮಾರು ನೂರು. ಇನ್ನು ಸರಿಯಾದ ಉತ್ತರಕ್ಕೆ..."

ಸರಿಯಾದ ಉತ್ತರ ಯಾರಿಗೆ ಬೇಕಾಗಿತ್ತು? ಮಕ್ಕಳ ಪೆನ್ಸಿಲುಗಳು ಆಗಲೇ ಓಡುತ್ತಿದ್ದವು. ಶಾಲೆಯ ಭಾಷೆಯಾದ ಮಲಯಾಳದಲ್ಲಿ ಸುಮಾರಿಗೆ ‘ಏಕದೇಶಂ’ ಎನ್ನುತ್ತಾರೆ. ಎಲ್ಲರೂ ‘ಏಕದೇಶಂ ನೂರು’ ಎಂದು ದುಂಡಗೆ ಬರೆದುಕೊಂಡರು.

"ಹತ್ತೊಂಬತ್ತೈದು?" ಎಂದ ಶ್ಯಾಮ. ಅವನ ಮುಖದಲ್ಲಿ ಹುಟ್ಟಿದಂದಿನಿಂದ ಕಾಣದಿದ್ದ ಉತ್ಸಾಹ ಮೂಡಿತ್ತು.

"ಹತ್ತೊಂಬತ್ತು ಸುಮಾರು ಇಪ್ಪತ್ತು. ಇಪ್ಪತ್ತೈದ್ಲ ನೂರು. ಸುಮಾರು ನೂರು. ಆದ್ರೆ ಪುಟ್ಟಾ, ಅದು..."

"ಹದಿಮೂರೆಂಟು?" ಎಂದಳು ಚಂದ್ರಾವತಿ.

"ಸುಮಾರು... ಅದೂ ನೂರೇ," ಎಂದ ಉಮಾಮಹೇಶ್ವರರ ದನಿ ಇಳಿಯಿತು.

ವೀರಭದ್ರಪ್ಪನವರು ತೊಡೆ ತಟ್ಟಿ ಎದ್ದು ನಿಂತರು. "ಏನ್ ಅದ್ಭುತ ಅದ ನೋಡ್ರೀ! ನಾವು ಸಣ್ಣಾವರಿದ್ದಾಗ ಒಂದೊಂದಕ್ಕ ಒಂದೊಂದು ಉತ್ತರಾ ಬಾಯಿಪಾಠಾ ಮಾಡಿ, ಬೆತ್ತದಲೆ ಬಡಿಸಿಕೊಂಡು ಸತ್ವಿ. ಸಾಹೇಬ್ರು ಎಲ್ಲಾ ಮಗ್ಗೀನೂ ಒಂದ ಉತ್ತರದಾಗ ತಂದು ಕೂಡಿಸಿದ್ರು. ನದಿ ಎಷ್ಟಿದ್ರೇನು, ಸಮುದ್ರಾ ಒಂದ!"

ಆ ಹೊತ್ತಿಗೆ ಕಿಟಕಿಯಾಚೆ ಕಪ್ಪು ಕೊಡೆಯೊಂದು ಬಂದು ನಿಂತಿತ್ತು. ಮಧ್ಯಾಹ್ನದ ಪರೀಕ್ಷೆಯ ಮೇಲ್ವಿಚಾರಣೆಗೆಂದು ಹೊರಟಿದ್ದ ಪರಮೇಶ್ವರಿ ಟೀಚರು, ಆ ಮಕ್ಕಳಿಗೆಲ್ಲ ಲೆಕ್ಕ ಕಲಿಸುತ್ತಿದ್ದವರು, ಬಾಗಿಲಲ್ಲಿ ಚಪ್ಪಲಿಗಳ ರಾಶಿಯನ್ನು ಕಂಡು ಇಣುಕಿದ್ದರು. ಅವರೂ ಕಾಸರಗೋಡಿನವರೇ. ಹೊಸ ಗಣಿತವೊಂದು ಬರುತ್ತದೆ, ಹಳೆಯ ಪಾಠವೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ ಎಂಬ ಸುದ್ದಿ ಉಪಾಧ್ಯಾಯರ ನಡುವೆ ಹರಡಿ, ಆಕೆ ಆ ವರ್ಷವೆಲ್ಲ ನಿದ್ದೆಗೆಟ್ಟಿದ್ದರು. ಇಪ್ಪತ್ತು, ಐದು, ಸುಮಾರು ನೂರು ಎಂಬ ಮಾತುಗಳನ್ನು ಆಕೆ ಕಿಟಕಿಯ ಸರಳು ಹಿಡಿದು ಕೇಳಿದರು. ಒಳಗೆ ಕರೆದರೂ ಬರಲಿಲ್ಲ. "ಬೇಡ ಸಾರ್, ಬೇಡ. ನೀವು ನಿಲ್ಲಿಸ್ಬೇಡಿ," ಎಂದು ಹೇಳಿ, ಕೇಳಿದ್ದನ್ನೇ ತುಟಿಯಲ್ಲಿ ಗುನುಗುತ್ತಾ ಹಿಂದೆ ಸರಿದು ಹೋದರು.

ಕಾಫಿಯ ಲೋಟಗಳ ಗದ್ದಲದಲ್ಲಿ ಉಮಾಮಹೇಶ್ವರರು ಹೇಗೋ ತಪ್ಪಿಸಿಕೊಂಡು ಹಿಂದಿನ ಪಡಸಾಲೆಗೆ ಹೋದರು. ಅಲ್ಲಿ ನಿರ್ಮಲ ಕೆಂಪು ನೆಲದ ಮೇಲೆ ಅಮ್ಮನ ಡಬ್ಬಿಯ ಹುಣಸೆಬೀಜಗಳನ್ನು ಸಾಲಾಗಿ ಜೋಡಿಸಿಕೊಂಡು ಕುಳಿತಿದ್ದಳು. ಸಾಲಿಗೆ ಹದಿನೇಳರಂತೆ ಆರು ಸಾಲು. ಒಂದೊಂದಾಗಿ ಎಣಿಸಲು ಹೋಗಿ, ನಡುವೆ ಮರೆತು, ಮತ್ತೆ ಮೊದಲಿಂದ ಆರಂಭಿಸಿ, ಬೇಸತ್ತು, ಕೊನೆಗೆ ಅವಳು ಪ್ರತಿ ಸಾಲನ್ನೂ ಹತ್ತರ ಬಳಿ ಒಡೆದು ನಡುವೆ ಒಂದು ಬೆರಳಿನ ಅಂತರ ಬಿಟ್ಟಿದ್ದಳು.

"ನೋಕ್ಕೂ ಅಪ್ಪಾ," ಎಂದು ನೆಲವನ್ನು ತೋರಿಸಿದಳು. ಮುಂದಿನದನ್ನು ಹೇಳುವ ಆತುರದಲ್ಲಿ ಅವಳ ಬಾಯಿಂದ ಕನ್ನಡವೇ ಬಂದಿತು. "ಈ ಕಡೆ ಆರು ಹತ್ತು, ಅರವತ್ತು. ಈ ಕಡೆ ಆರು ಏಳು, ನಲವತ್ತೆರಡು. ಏಳರ ಮಗ್ಗಿ ನಂಗೆ ಬರತ್ತಲ್ಲ? ಎರಡೂ ಸೇರಿಸಿದ್ರೆ ನೂರ ಎರಡು. ಹದಿನೇಳರ ಮಗ್ಗಿ ಬೇಡವೇ ಬೇಡ ಅಪ್ಪಾ!"

ಉಮಾಮಹೇಶ್ವರರು ನೆಲದ ಮೇಲೆಯೇ ಕುಳಿತರು. ಕಾಗದದ ಮೇಲೆ ಈ ಉಪಾಯವನ್ನು ಅವರು ಎಷ್ಟು ಸಲ ಬಳಸಿದ್ದರೋ! ಆದರೆ ಅದನ್ನು ಅವರಿಗೆ ಯಾರೋ ಕೊಟ್ಟಿದ್ದರು. ಈ ಹುಡುಗಿಗೆ ಯಾರೂ ಕೊಟ್ಟಿರಲಿಲ್ಲ. ಅಡಿಗೆಮನೆಯ ಬೀಜಗಳೊಳಗಿಂದ ಅವಳು ಅದನ್ನು ತಾನೇ ಬಿಡಿಸಿಕೊಂಡಿದ್ದಳು. ದೊಡ್ಡದನ್ನು ಒಡೆದು ತಿಳಿದ ಚಿಕ್ಕದರಿಂದ ಮತ್ತೆ ಕಟ್ಟಬಹುದೆಂಬ ಆ ಒಂದು ತಿಳಿವಿನಿಂದಲ್ಲವೇ ಮನುಷ್ಯ ನಕ್ಷತ್ರಗಳ ದೂರವನ್ನು ಅಳೆದದ್ದು? ಕಿತ್ತಳೆ ಮೋಡವನ್ನು ಕಂಡಾಗಲೂ ಅವರು ಹೀಗೆ ಬೆರಗಾಗಿರಲಿಲ್ಲ.

"ಹದಿನೇಳು ಹದಿನಾಲ್ಕು ಮಾಡ್ತೀಯಾ?" ಎಂದರು, ದನಿಯಡಗಿಸಿ.

ಅವಳು ಕಣ್ಣು ಮುಚ್ಚಿದಳು. ಬೆರಳುಗಳು ಗಾಳಿಯಲ್ಲಿ ಕಾಣದ ಬೀಜಗಳನ್ನು ಸರಿಸಿದವು. "ನೂರ ಎಪ್ಪತ್ತು... ಅರವತ್ತೆಂಟು... ಇನ್ನೂರ ಮೂವತ್ತೆಂಟು."

"ಇದೇ ಸರಿ ಕಂದಾ. ಇದನ್ನೇ ಬರಿ. ಒಳಗೆ ಯಾರು ಏನೇ ಹೇಳ್ಲಿ, ನಾನೇ ಹೇಳ್ಲಿ, ನೀನು ಎಣಿಸಿದ್ದನ್ನೇ ಬರಿ."

ಅಷ್ಟಕ್ಕೆ ನಿಲ್ಲದೆ, ಆ ಸಜ್ಜನರು ಒಳಗೆ ಬಂದು ಉಳಿದ ಮಕ್ಕಳನ್ನೂ ಎಚ್ಚರಿಸಿದರು. "ಮಕ್ಕಳೇ, ಪರೀಕ್ಷೆಯಲ್ಲಿ ಸುಮಾರು ಅಂತ ಬರೀಬೇಡಿ. ಸರಿಯಾದ ಉತ್ತರ ಬರೀಬೇಕು. ನಾನು ಹೇಳಿದ್ದು ಬರೀ ಅಂದಾಜು. ಅದು ಪೂರ್ತಿ ತಪ್ಪು!"

ಮಕ್ಕಳು ಗಾಬರಿಯಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ವೀರಭದ್ರಪ್ಪನವರು ಮುಗುಳ್ನಗುತ್ತಾ ಅವರನ್ನೆಲ್ಲ ಮೆಟ್ಟಿಲ ಬಳಿಗೆ ಕರೆದೊಯ್ದರು. "ಹೆದರಬ್ಯಾಡ್ರಿ. ಗುರುಗೋಳು ಪರೀಕ್ಷಾ ಮಾಡಾಕತ್ತಾರ. ಕಲಿಸಿದ್ದನ್ನ ಗಟ್ಟಿ ಹಿಡೀತೀರೋ, ಕೈ ಬಿಡ್ತೀರೋ ಅಂತ ನೋಡ್ತಾರ. ಹಿಡಿದಾಂವ ಗೆದ್ದ!"

ಮಧ್ಯಾಹ್ನವಿಡೀ ಉಮಾಮಹೇಶ್ವರರು ಕುಳಿತಲ್ಲಿ ಕೂರಲಿಲ್ಲ. ನಾಲ್ಕು ಗಂಟೆಗೆ ನಿರ್ಮಲ ಗಾಳಿಪಟದಂತೆ ಹಾರುತ್ತಾ ಬಂದಳು. ಒಂದು ಲೆಕ್ಕವನ್ನೂ ಬಿಟ್ಟಿರಲಿಲ್ಲ. ಒಂದೊಂದನ್ನೂ ಕೇಳಿ, ಕಾಗದದ ಮೇಲೆ ತಾಳೆ ನೋಡಿದರು. ಎಲ್ಲವೂ ಸರಿಯಾಗಿದ್ದವು. "ನಮ್ಮ ಹುಡುಗಿ ಆರನೇ ಕ್ಲಾಸು ಕಣೇ," ಎಂದು ಹೆಂಡತಿಗೆ ಹೇಳುವಾಗ ಅವರ ಕಣ್ಣು ತುಂಬಿತು. ಉಳಿದ ಮಕ್ಕಳ ಗತಿಯನ್ನು ನೆನೆದು ಮನಸ್ಸು ಚುಚ್ಚಿದ್ದರಿಂದ, ನಾಳೆ ಮನೆಮನೆಗೆ ಹೋಗಿ ಕ್ಷಮೆ ಕೇಳುವುದೆಂದು ನಿಶ್ಚಯಿಸಿದರು.

ದೀಪ ಹಚ್ಚುವ ಹೊತ್ತಿಗೆ ಪರಮೇಶ್ವರಿ ಟೀಚರು ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾರ್, ಎಂಥ ಹೇಳುದು! ಇವತ್ತಿನ ಪೇಪರು ಇವತ್ತೇ ನೋಡಿ ಮುಗಿಸಿದೆ. ತಡೆಯಲಿಕ್ಕಾಗ್ಲಿಲ್ಲ. ನಿಮ್ಮ ಹತ್ರ ಕಲ್ತ ಮಕ್ಕಳು ಎಲ್ಲ ಉತ್ತರಕ್ಕೂ ಸುಮಾರು ಅಂತ ಬರ್ದಿದ್ದಾರೆ. ಮೊದಲು ತಪ್ಪು ಹಾಕುವ ಅಂತ ಕೆಂಪು ಪೆನ್ನು ತೆಗ್ದೆ. ಹಾಗೇ ತಿರುಗಿ ಚೀಲದಲ್ಲಿಟ್ಟೆ ಸಾರ್."

"ಹಾಕ್ಬೇಕಿತ್ತು ಟೀಚರ್! ಧಾರಾಳವಾಗಿ ಹಾಕ್ಬೇಕಿತ್ತು!"

"ಹೇಗೆ ಹಾಕುದು? ಬೆಳಿಗ್ಗೆ ನನ್ನ ಕಿವಿಯಲ್ಲೇ ಕೇಳಿದ್ದೇನಲ್ಲ! ಹೆಡ್ ಮಾಸ್ಟರ ಹತ್ರ ತೆಕ್ಕೊಂಡು ಹೋದೆ. ಅವರು ಓದಿ ಕುರ್ಚಿಯಿಂದ ಎದ್ದೇ ನಿಂತ್ರು. ‘ಟೀಚರೇ, ಹೊಸ ಗಣಿತ ಬರ್ತದೆ ಬರ್ತದೆ ಅಂತಿದ್ರು, ಅದು ನಮ್ಮ ಶಾಲೆಗೇ ಮೊದಲು ಬಂತು. ರಾಕೆಟ್ ಹಾರಿಸುವವರು ಹೇಳಿದ್ದಕ್ಕೆ ತಪ್ಪು ಹಾಕ್ಲಿಕ್ಕೆ ನಾವು ಯಾರು?’ ಅಂದ್ರು. ಎಲ್ಲರೂ ಪಾಸು ಸಾರ್!"

ಉಮಾಮಹೇಶ್ವರರು ಹಿಂದಿನ ಪಡಸಾಲೆಯತ್ತ ನೋಡಿದರು. "ನಿರ್ಮಲ?"

ಟೀಚರು ನೆಲ ನೋಡಿದರು. "ಬೇಜಾರು ಮಾಡ್ಬಾರ್ದು. ಅವಳು ಒಂದೇ ಒಂದು ಕಡೆ ಸುಮಾರು ಬರೆಯಲಿಲ್ಲ. ನೂರ ಎರಡು, ಇನ್ನೂರ ಮೂವತ್ತೆಂಟು... ಹೀಗೆ ಹಟ ಹಿಡಿದ ಹಾಗೆ ಬರ್ದಿದ್ದಾಳೆ. ಫೇಲು ಸಾರ್."

"ಬೇರೆ ಬೀದಿಯ ಮಕ್ಕಳೂ ಹಾಗೇ ಬರೆದಿರ್ಬೇಕಲ್ಲ!"

"ಅವರಿಗೆ ಪಾಸು ಕೊಟ್ಟಿದ್ದೇವೆ. ಪಾಪ, ನಿಮ್ಮ ಪಾಠ ಕೇಳುವ ಯೋಗ ಅವರಿಗೆ ಇರ್ಲಿಲ್ಲ. ನಿರ್ಮಲ ಹಾಗಲ್ಲ, ಗಂಗೆಯ ದಡದಲ್ಲೇ ಇದ್ದು ನೀರು ಕುಡಿಯದವಳು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ."

"ಅವಳು ಬರೆದದ್ದೇ ಸರಿ ಟೀಚರ್! ಎಣಿಸಿ ನೋಡಿ! ತಪ್ಪಿದ್ದು ನಾನು!"

ಪರಮೇಶ್ವರಿ ಟೀಚರು ಮೆಚ್ಚುಗೆಯಿಂದ ತಲೆದೂಗಿದರು. "ಹೆತ್ತ ಕರುಳು ಅಂದ್ರೆ ಇದೇ. ಮಗಳ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುದು. ಹೆಡ್ ಮಾಸ್ಟರು ಮೊದಲೇ ಹೇಳಿದ್ರು, ‘ಅವರು ಹೀಗೇ ಹೇಳ್ತಾರೆ, ನೀವು ಕರಗ್ಬೇಡಿ’ ಅಂತ. ಆದ್ರೂ ನಿಮ್ಮ ಮುಖ ನೋಡಿ ಮರುಪರೀಕ್ಷೆಗೆ ಒಪ್ಪಿದ್ದಾರೆ. ಅಷ್ಟರೊಳಗೆ ಅವಳಿಗೆ ಈ ಹೊಸ ಕ್ರಮ ಬಂದ್ರೆ ಸಾಕು. ನಿಮ್ಗೆ ಪುರುಸೊತ್ತು ಎಲ್ಲಿ? ಅದಕ್ಕೇ ಬರುವ ದಾರಿಯಲ್ಲಿ ಶ್ಯಾಮನಿಗೆ ಹೇಳಿ ಬಂದೆ. ನಾಳೆಯಿಂದ ಅವನೇ ನಿರ್ಮಲಳನ್ನು ಕೂರಿಸಿ ಹೇಳಿಕೊಡ್ತಾನೆ."

"ಶ್ಯಾಮನಾ?"

"ಕ್ಲಾಸಿಗೇ ಫಸ್ಟು ಸಾರ್ ಅವನು!"

ಉಮಾಮಹೇಶ್ವರರ ದನಿ ಬಾವಿಯೊಳಗಿಂದ ಬಂದಂತಿತ್ತು. "ಎಷ್ಟು ಬಂದಿದೆ ಅವನಿಗೆ?"

ಟೀಚರು ಕೊಡೆಯನ್ನು ಕಂಕುಳಿಗೆ ಸೇರಿಸಿ, ಅಭಿಮಾನದಿಂದ ತಲೆಯೆತ್ತಿದರು.

"ನೂರಕ್ಕೆ ಸುಮಾರು ನೂರು."